ಯಾರನ್ನು ಕೇಳಿದರು, ಏನು ಕೇಳಿದರು

1989ರಲ್ಲಿ ಅಮೆರಿಕದ ಆರೋಗ್ಯ ಇಲಾಖೆ ಯುವಜನರ ಆತ್ಮಹತ್ಯೆ ಕುರಿತು ನಾಲ್ಕು ಸಂಪುಟಗಳ ವರದಿಯೊಂದನ್ನು ಹೊರತಂದಿತು. ಮೂರನೇ ಸಂಪುಟದ ಒಂದು ಅಧ್ಯಾಯವನ್ನು ಬರೆದವರು ಸ್ಯಾನ್ ಫ್ರಾನ್ಸಿಸ್ಕೊದ ಸಮಾಜ ಕಾರ್ಯಕರ್ತ ಪಾಲ್ ಗಿಬ್ಸನ್. ಗೇ ಮತ್ತು ಲೆಸ್ಬಿಯನ್ ಹುಡುಗ ಹುಡುಗಿಯರು ತಮ್ಮ ಓರಗೆಯವರಿಗಿಂತ ಎರಡು ಮೂರು ಪಟ್ಟು ಹೆಚ್ಚಾಗಿ ಆತ್ಮಹತ್ಯೆಗೆ ಯತ್ನಿಸುತ್ತಾರೆ, ಹೀಗೆ ಸಾಯುವ ಯುವಜನರಲ್ಲಿ ಶೇ 30ರಷ್ಟು ಮಂದಿ ಇವರೇ ಇರಬಹುದು ಎಂದು ಅವರು ಬರೆದರು. ಸಂಸದ ವಿಲಿಯಂ ಡ್ಯಾನೆಮೆಯರ್ ಸಿಡಿಮಿಡಿಗೊಂಡರು. ಇದು ಇಲಾಖೆಯ ನಿಲುವಲ್ಲ ಎಂದು ಸಚಿವ ಲೂಯಿ ಸಲಿವನ್ ಕೈತೊಳೆದುಕೊಂಡರು. ವರದಿ ಮೂಲೆಗೆ ಸರಿಯಿತು, ಆ ಶೇ 30 ಮಾತ್ರ ಊರೆಲ್ಲ ಓಡಾಡಿತು.

ಆ ಅಂಕಿಗೆ ಗಟ್ಟಿ ಬುಡವಿರಲಿಲ್ಲ. ಆಶ್ರಯತಾಣಗಳಿಗೆ, ನೆರವು ಕೇಂದ್ರಗಳಿಗೆ ಬಂದವರ ಸಣ್ಣಪುಟ್ಟ ಅಧ್ಯಯನಗಳಿಂದ ಹಿಗ್ಗಿಸಿ ತೆಗೆದ ಅಂದಾಜು ಅದು. ಆದರೂ ಗಿಬ್ಸನ್ ಇಟ್ಟ ಹೆಜ್ಜೆ ಸಣ್ಣದಲ್ಲ. 1973ರವರೆಗೆ ಅಮೆರಿಕದ ಮನೋವೈದ್ಯರ ಸಂಘ ಸಲಿಂಗಾಕರ್ಷಣೆಯನ್ನೇ ಕಾಯಿಲೆಯೆಂದು ಪಟ್ಟಿಯಲ್ಲಿಟ್ಟಿತ್ತು. ಕಾಯಿಲೆ ಎಂದಮೇಲೆ ಮುಗಿಯಿತು, ಆ ಮಗು ಸಾಯಬಯಸಿದರೆ ಅದೂ ಕಾಯಿಲೆಯದೇ ಲಕ್ಷಣ. ಮನೆ, ಶಾಲೆ, ಚರ್ಚುಗಳ ನಡವಳಿಕೆಯೇ ಇದಕ್ಕೆ ಕಾರಣವಿರಬಹುದು ಎಂದು ಸರ್ಕಾರಿ ಕಾಗದದ ಮೇಲೆ ಬರೆಯಿಸಿದ್ದು ಆ ಅಧ್ಯಾಯ.

ಮುಂದಿನ ಹತ್ತು ವರ್ಷ ಸಂಶೋಧಕರು ಗುದ್ದಾಡಿದ್ದು ಒಂದೇ ತೊಡಕಿನೊಂದಿಗೆ: ಕೇಳುವುದು ಯಾರನ್ನು? ಗ್ಯಾರಿ ರೆಮಫೆಡಿ ಮತ್ತು ಸಂಗಡಿಗರು 1991ರಲ್ಲಿ 14ರಿಂದ 21 ವರ್ಷದ 137 ಗೇ ಮತ್ತು ಬೈಸೆಕ್ಷುವಲ್ ಹುಡುಗರನ್ನು ಮಾತನಾಡಿಸಿದಾಗ ಶೇ 30ರಷ್ಟು ಮಂದಿ ಒಮ್ಮೆಯಾದರೂ ಯತ್ನಿಸಿದ್ದಾಗಿ ಹೇಳಿದರು. ಆದರೆ ತಾನು ಯಾರೆಂದು ಬಾಯಿಬಿಟ್ಟು ಹೇಳಿಕೊಂಡ, ಹುಡುಕಿದರೆ ಕೈಗೆ ಸಿಕ್ಕ ಹುಡುಗರು ಇವರು. ಸಿಗದವರ ಪಾಡು ಇದಕ್ಕಿಂತ ಮೇಲೋ ಕೀಳೋ ಹೇಳುವಂತಿರಲಿಲ್ಲ.

ಉತ್ತರ ಬಂದದ್ದು ಮ್ಯಾಸಚೂಸೆಟ್ಸ್‌ನಿಂದ. ರಿಪಬ್ಲಿಕನ್ ಪಕ್ಷದವರಾಗಿದ್ದ ಗವರ್ನರ್ ವಿಲಿಯಂ ವೆಲ್ಡ್ 1992ರಲ್ಲಿ ಗೇ ಮತ್ತು ಲೆಸ್ಬಿಯನ್ ಯುವಜನರಿಗಾಗಿಯೇ ಒಂದು ಆಯೋಗ ನೇಮಿಸಿದರು. ಅವರನ್ನು ಕದಲಿಸಿದ್ದರಲ್ಲಿ ಗಿಬ್ಸನ್ನರ ಆ ಬುಡವಿಲ್ಲದ ಅಂಕಿಯ ಪಾಲೂ ಇತ್ತು. 1995ರ ಹೊತ್ತಿಗೆ ಆ ರಾಜ್ಯದ ಪ್ರೌಢಶಾಲೆಗಳ ಆರೋಗ್ಯ ಸಮೀಕ್ಷೆಯ ಫಾರಂನಲ್ಲಿ, ಸಿಗರೇಟು, ಸೀಟ್‌ಬೆಲ್ಟುಗಳ ಪ್ರಶ್ನೆಗಳ ಸಾಲಿನಲ್ಲಿ, ಲೈಂಗಿಕತೆಯ ಪ್ರಶ್ನೆಯೂ ಸೇರಿತು. ಇಡೀ ತರಗತಿ ತುಂಬುವ, ಹೆಸರು ಬರೆಯದ ಫಾರಂ ಅದು. ಹಾಗಾಗಿ ಯಾರನ್ನೂ ಹುಡುಕಿಕೊಂಡು ಹೋಗಬೇಕಿರಲಿಲ್ಲ. ರಾಬರ್ಟ್ ಗ್ಯಾರೊಫಲೊ ತಂಡ 1998ರಲ್ಲಿ 4,159 ಮಕ್ಕಳ ಉತ್ತರಗಳನ್ನು ಜರಡಿ ಹಿಡಿದಾಗ, ಗೇ, ಲೆಸ್ಬಿಯನ್, ಬೈಸೆಕ್ಷುವಲ್ ಎಂದು ಗುರುತು ಹಾಕಿದವರಲ್ಲಿ ಹಿಂದಿನ ಒಂದು ವರ್ಷದಲ್ಲಿ ಯತ್ನಿಸಿದವರು ಶೇ 35.3, ಉಳಿದವರಲ್ಲಿ ಶೇ 9.9. ಅದೇ ವರ್ಷ ರೆಮಫೆಡಿ ಮಿನೆಸೋಟಾದ ಶಾಲಾ ಸಮೀಕ್ಷೆಯಲ್ಲಿ ಕಂಡದ್ದು ಹುಡುಗರಲ್ಲಿ ಶೇ 28.1ಕ್ಕೆ ಎದುರು ಶೇ 4.2, ಹುಡುಗಿಯರಲ್ಲಿ ಶೇ 20.5ಕ್ಕೆ ಎದುರು ಶೇ 14.5. ಮರುವರ್ಷ ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನಲ್ಲಿ, ಹುಟ್ಟಿನಿಂದ 21ರ ವಯಸ್ಸಿನವರೆಗೂ ಬೆನ್ನಟ್ಟಿದ ಸಾವಿರದಷ್ಟು ಮಕ್ಕಳ ಅಧ್ಯಯನ ಕೂಡ ಇದೇ ದಿಕ್ಕನ್ನು ತೋರಿತು. ಅಲ್ಲಿ ಗೇ, ಲೆಸ್ಬಿಯನ್, ಬೈಸೆಕ್ಷುವಲ್ ಆಗಿದ್ದವರು ಬರೀ 28 ಮಂದಿ, ಆದರೆ ದಾರಿಯಲ್ಲಿ ಸಿಕ್ಕವರಲ್ಲ. ಅಪಾಯ ನಿಜವೇ ಎಂಬ ವಾದ ಅಲ್ಲಿಗೆ ಹೆಚ್ಚುಕಡಿಮೆ ಮುಗಿಯಿತು.

ಎಷ್ಟು ಎಂಬ ವಾದ ಮುಗಿಯಲಿಲ್ಲ. ಕಾರ್ನೆಲ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ರಿಚ್ ಸಾವಿನ್-ವಿಲಿಯಮ್ಸ್ 2001ರಲ್ಲಿ ಮೊದಲ ಪ್ರಶ್ನೆಗೇ ನಿಲ್ಲದೆ ಮುಂದಿನದನ್ನೂ ಕೇಳಿ ನೋಡಿದರು. ‘ಯತ್ನಿಸಿದ್ದೆ’ ಎಂದವರಲ್ಲಿ ಹಲವರು ಹೇಳುತ್ತಿದ್ದದ್ದು ಮನಸ್ಸಿಗೆ ಬಂದ ಆಲೋಚನೆಯ ಬಗ್ಗೆ, ಮಾಡಿದ್ದರ ಬಗ್ಗೆ ಅಲ್ಲ. ಅವರ ತಕರಾರು ಅಳತೆಯದಷ್ಟೇ ಅಲ್ಲ. ನಿನ್ನಂಥವರು ಸಾಯುತ್ತಾರೆ ಎಂದು ಹದಿನೈದರ ಹುಡುಗನಿಗೆ ಮತ್ತೆ ಮತ್ತೆ ಹೇಳಿದರೆ ಅವನಿಗೆ ಉಳಿಯುವ ದಾರಿ ಯಾವುದು ಎಂದು ಅವರು ಕೇಳುತ್ತಿದ್ದರು. ಸಹೋದ್ಯೋಗಿಗಳಿಗೆ ಇದು ಹಿಡಿಸಲಿಲ್ಲ. ನನಗೆ ಮಾತ್ರ ಈ ಕ್ಷೇತ್ರಕ್ಕೆ ದಕ್ಕಿದ ಅತ್ಯಂತ ಉಪಯುಕ್ತ ಜಗಳ ಇದೇ ಎನಿಸುತ್ತದೆ. ಇನ್ನು ಸಾವಿನ ಲೆಕ್ಕ ಇಂದಿಗೂ ಮಬ್ಬು. ಮರಣ ಪ್ರಮಾಣಪತ್ರದಲ್ಲಿ ಲೈಂಗಿಕತೆಯ ಅಂಕಣವಿಲ್ಲ. ನ್ಯೂಯಾರ್ಕ್ ಸುತ್ತಿನ 120 ಸಾವುಗಳ ಬಗ್ಗೆ ಮನೆಯವರನ್ನು, ಗೆಳೆಯರನ್ನು ವಿಚಾರಿಸಿದ ಡೇವಿಡ್ ಶಾಫರ್ ತಂಡಕ್ಕೆ 1995ರಲ್ಲಿ ಸಿಕ್ಕವು ಸಲಿಂಗಾಕರ್ಷಣೆಯ ಮೂರೇ ಉದಾಹರಣೆ. ಆದರೆ ಮಗ ಮುಚ್ಚಿಟ್ಟದ್ದನ್ನು ತಾಯಿ ಹೇಗೆ ಹೇಳಿಯಾಳು?

2003ರಲ್ಲಿ ಇಲಾನ್ ಮೆಯರ್ ಚೌಕಟ್ಟೊಂದನ್ನು ಕೊಟ್ಟರು: ಎಲ್ಲರಿಗೂ ಇರುವ ಒತ್ತಡದ ಮೇಲೆ, ಅಲ್ಪಸಂಖ್ಯಾತನೆಂಬ ಕಾರಣಕ್ಕೇ ಬೀಳುವ ಹೆಚ್ಚುವರಿ ಹೊರೆ. ಅವಮಾನ, ಅವಮಾನವಾದೀತೆಂಬ ಸದಾ ಎಚ್ಚರ, ಮುಚ್ಚಿಡುವ ದಣಿವು, ಕೊನೆಗೆ ತನ್ನ ಬಗ್ಗೆಯೇ ಹೇಸಿಗೆ. ಅಲ್ಲಿಂದಾಚೆ ಪ್ರಶ್ನೆ ಮಗುವಿನ ಒಳಗಿನಿಂದ ಅದರ ಸುತ್ತಲಿಗೆ ಹೊರಳಿತು.

ಸ್ಯಾನ್ ಫ್ರಾನ್ಸಿಸ್ಕೊದ ಕೇಟ್ಲಿನ್ ರಯನ್ ಮನೆಯೊಳಗೆ ಹೊಕ್ಕರು. 21ರಿಂದ 25 ವರ್ಷದ 224 ಮಂದಿಯನ್ನು ಅವರು ಕೇಳಿದ್ದು ‘ಮನೆಯವರು ಒಪ್ಪಿದರೇ’ ಎಂಬ ಹಾರಿಕೆಯ ಪ್ರಶ್ನೆಯನ್ನಲ್ಲ; ನಿರ್ದಿಷ್ಟ ನಡವಳಿಕೆಗಳನ್ನು. ನೆಂಟರ ಮನೆಯ ಕಾರ್ಯಗಳಿಂದ ಹೊರಗಿಟ್ಟರೇ, ಗೆಳೆಯರನ್ನು ದೂರವಿರಿಸಿದರೇ, ಬೈದರೇ. ಹದಿಹರೆಯದಲ್ಲಿ ಇಂಥ ತಿರಸ್ಕಾರ ತೀರಾ ಹೆಚ್ಚಾಗಿದ್ದವರು ಆತ್ಮಹತ್ಯೆಗೆ ಯತ್ನಿಸಿದ ಸಾಧ್ಯತೆ, ಅದಿಲ್ಲದ ಅಥವಾ ಕಡಿಮೆಯಿದ್ದವರಿಗಿಂತ 8.4 ಪಟ್ಟು. ಈ 2009ರ ಪ್ರಬಂಧದ ಬೆಲೆ ಅಂಕಿಯಲ್ಲಿಲ್ಲ, ಆ ಪಟ್ಟಿಯಲ್ಲಿದೆ. ಅದರಲ್ಲಿರುವ ಒಂದೊಂದನ್ನೂ ಅಪ್ಪ ಅಮ್ಮ ಬೇಕೆಂದರೆ ನಾಳೆಯೇ ನಿಲ್ಲಿಸಬಹುದು.

ಮಾರ್ಕ್ ಹ್ಯಾಟ್ಸೆನ್‌ಬ್ಯೂಲರ್ ಊರನ್ನೇ ಅಳೆದರು. ಆರೆಗನ್ ರಾಜ್ಯದ 34 ಕೌಂಟಿಗಳು, 31,852 ಹನ್ನೊಂದನೇ ತರಗತಿಯ ವಿದ್ಯಾರ್ಥಿಗಳು. ಒಟ್ಟಿಗೆ ಬಾಳುವ ಸಲಿಂಗಿ ಜೋಡಿಗಳೆಷ್ಟು, ಶಾಲೆಗಳಲ್ಲಿ ಬೆಂಬಲದ ಸಂಘಗಳಿವೆಯೇ, ಕಿರುಕುಳದ ವಿರುದ್ಧದ ನಿಯಮದಲ್ಲಿ ಈ ಮಕ್ಕಳ ಹೆಸರಿದೆಯೇ, ಜನ ಯಾವ ಪಕ್ಷದವರು ಎಂದೆಲ್ಲ ಲೆಕ್ಕ ಹಾಕಿ ಪ್ರತಿ ಕೌಂಟಿಗೂ ಅಂಕ ಕೊಟ್ಟರು. ಬೆಂಬಲ ಕಡಿಮೆಯಿದ್ದ ಕಡೆ ಈ ಮಕ್ಕಳ ಯತ್ನದ ಅಪಾಯ ಶೇ 20ರಷ್ಟು ಹೆಚ್ಚಿತ್ತು. 2017ರಲ್ಲಿ ಜೂಲಿಯಾ ರೈಫ್‌ಮನ್ ಇನ್ನೂ ದೂರ ಹೋದರು: ಸಲಿಂಗ ವಿವಾಹಕ್ಕೆ ಅನುಮತಿಸಿದ ರಾಜ್ಯಗಳಲ್ಲಿ ಅನಂತರ ಲೈಂಗಿಕ ಅಲ್ಪಸಂಖ್ಯಾತ ವಿದ್ಯಾರ್ಥಿಗಳ ಯತ್ನಗಳು ಶೇ 14ರಷ್ಟು ಇಳಿದಿದ್ದವು. ಮದುವೆಯ ವಯಸ್ಸೇ ಆಗದ ಮಕ್ಕಳಿಗೆ ಮದುವೆಯ ಕಾನೂನಿನಿಂದೇನು ಎಂದು ಕೇಳಬಹುದು. ಇಂಥ ಅಧ್ಯಯನಗಳು ಕಾರಣವನ್ನು ಸಾಬೀತು ಮಾಡುವುದಿಲ್ಲ, ನಿಜ. ಆದರೆ ಮುಂದೊಂದು ಬದುಕಿದೆ ಎಂದು ತಿಳಿಯುವುದಕ್ಕೆ ವಯಸ್ಸಿನ ಮಿತಿಯಿಲ್ಲವಲ್ಲ. ಟ್ರಾನ್ಸ್‌ಜೆಂಡರ್ ಮಕ್ಕಳ ಸರದಿ ತಡವಾಗಿ ಬಂತು. ಸ್ಟೀಫನ್ ರಸೆಲ್ ತಂಡ 2018ರಲ್ಲಿ 129 ಮಂದಿಯಲ್ಲಿ ಕಂಡದ್ದು ಸರಳ: ಮನೆ, ಶಾಲೆ, ಕೆಲಸ, ಗೆಳೆಯರು, ಇವುಗಳಲ್ಲಿ ಅವರು ಆರಿಸಿಕೊಂಡ ಹೆಸರಿನಿಂದ ಕರೆಯುವ ಜಾಗ ಒಂದು ಹೆಚ್ಚಾದರೂ ಸಾಯುವ ಆಲೋಚನೆ ಶೇ 29ರಷ್ಟು ಕಡಿಮೆ.

2010ರ ಸೆಪ್ಟೆಂಬರ್‌ನಲ್ಲಿ ಅಮೆರಿಕದಲ್ಲಿ ಬೆನ್ನುಬೆನ್ನಿಗೆ ಸಂಭವಿಸಿದ ಇಂಥ ಯುವಜನರ ಸಾವುಗಳು ಪತ್ರಿಕೆಗಳನ್ನು ತುಂಬಿದವು. ‘ಕಿರುಕುಳ ಕೊಟ್ಟರು, ಸತ್ತ’ ಎಂಬ ಒಂದೆಳೆಯ ಕಥೆ ಸಂಶೋಧಕರಿಗೆ ದಿಗಿಲು ಹುಟ್ಟಿಸಿತು. ಖಿನ್ನತೆ, ಮನೆ, ಒಂಟಿತನ ಎಲ್ಲ ಕೂಡಿಯೇ ಅಪಾಯ ಬೆಳೆಯುವುದು; ಒಂದೇ ಕಾರಣ ಹೇಳಿದರೆ ಅದೇ ಪಾಡಿನ ಇನ್ನೊಬ್ಬನಿಗೆ ಸಾವು ಸಹಜವೆನಿಸಿಬಿಡುತ್ತದೆ. 2015ರಲ್ಲಿ ರಾಷ್ಟ್ರಮಟ್ಟದ ಶಾಲಾ ಸಮೀಕ್ಷೆ ಮೊದಲ ಬಾರಿ ಲೈಂಗಿಕತೆಯ ಪ್ರಶ್ನೆ ಕೇಳಿತು: ಯತ್ನಿಸಿದವರು ಶೇ 29.4ಕ್ಕೆ ಎದುರು ಶೇ 6.4. ಹತ್ತು ವರ್ಷದ ಬಳಿಕ, 2025ರ ಜುಲೈನಲ್ಲಿ, ರಾಷ್ಟ್ರೀಯ ಸಹಾಯವಾಣಿ 988ರಲ್ಲಿ ಈ ಯುವಜನರಿಗಿದ್ದ ಪ್ರತ್ಯೇಕ ಆಯ್ಕೆಯನ್ನು ಸರ್ಕಾರ ನಿಲ್ಲಿಸಿತು. ಪುರಾವೆ ಸಾಲದೆ ಹೋದದ್ದರಿಂದಲ್ಲ.

ನಮ್ಮಲ್ಲಿ ಈ ಚರಿತ್ರೆ ಶುರುವಾದದ್ದು ಸಮೀಕ್ಷೆಯಿಂದಲ್ಲ, ದೂರುಗಳಿಂದ. ಬೆಂಗಳೂರಿನ ಲೈಂಗಿಕ ಅಲ್ಪಸಂಖ್ಯಾತರ ಮೇಲಿನ ದೌರ್ಜನ್ಯವನ್ನು ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್ ಕರ್ನಾಟಕ 2001ರಲ್ಲೇ ದಾಖಲಿಸಿತು. ಪೊಲೀಸರ ಜೊತೆಗೆ ಮನೆಯವರೂ ವೈದ್ಯರೂ ಅದರಲ್ಲಿ ಬರುತ್ತಾರೆ. ಕೇರಳದಲ್ಲಿ ಸಹಯಾತ್ರಿಕ ಸಂಘಟನೆ ಹೆಣ್ಣು ಜೋಡಿಗಳ ಸಾವುಗಳ ಜಾಡು ಹಿಡಿಯಿತು. ಮುಂದೆ ಬಂದ ಅಧ್ಯಯನಗಳು ಬಹುಪಾಲು ಎಚ್‌ಐವಿ ಯೋಜನೆಗಳ ನೆರಳಿನಲ್ಲಿ, ವಯಸ್ಕ ಗಂಡಸರ ಬಗ್ಗೆ. ಸುಪ್ರೀಂ ಕೋರ್ಟ್ 2018ರಲ್ಲಿ, ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ 377ನೇ ಕಲಮಿನ ಹಲ್ಲು ಕಿತ್ತಿತು. ‘ಬದಲಿಸುವ ಚಿಕಿತ್ಸೆ’ಯ ವಿರುದ್ಧ ಮದ್ರಾಸ್ ಹೈಕೋರ್ಟ್ 2021ರಲ್ಲಿ ಮಾತನಾಡಿದ ಮೇಲೆ ರಾಷ್ಟ್ರೀಯ ವೈದ್ಯಕೀಯ ಆಯೋಗ ಅದನ್ನು ವೃತ್ತಿ ದುರ್ನಡತೆ ಎಂದಿತು. ಅಪರಾಧ ದಾಖಲೆ ಬ್ಯೂರೊದ ವಾರ್ಷಿಕ ಪುಸ್ತಕದಲ್ಲಿ ಮಾತ್ರ ‘ಕೌಟುಂಬಿಕ ಸಮಸ್ಯೆ’, ‘ವಿವಾಹ ಸಂಬಂಧಿ’, ‘ಪ್ರೇಮ ಪ್ರಕರಣ’ ಎಂಬ ಅಂಕಣಗಳೇ. ಒಲ್ಲದ ಮದುವೆಗೆ ಹೆದರಿದ ಹುಡುಗಿಯ ಸಾವು ಅವುಗಳಲ್ಲೊಂದರಲ್ಲಿ ಕರಗಿಹೋಗುತ್ತದೆ.

ಮ್ಯಾಸಚೂಸೆಟ್ಸ್‌ನ ಫಾರಂ ಅನ್ನು ಇಲ್ಲಿ ಹಂಚುವುದೂ ಸುಲಭವಲ್ಲ. ಹದಿನೆಂಟರೊಳಗಿನವರ ಅಧ್ಯಯನಕ್ಕೆ ಸಾಮಾನ್ಯವಾಗಿ ಪೋಷಕರ ಸಹಿ ಬೇಕು. ಯಾರಿಗೆ ತಿಳಿಯಬಾರದೆಂದು ಮಗು ಹೆದರುತ್ತದೋ ಅವರದೇ ಸಹಿ. ಅದರ ಮೇಲೆ ಪೋಕ್ಸೊ ಕಾಯ್ದೆ: ಇಬ್ಬರು ಹದಿಹರೆಯದವರ ಒಪ್ಪಿತ ಸಂಬಂಧ ಸಂಶೋಧಕರ ಕಿವಿಗೆ ಬಿದ್ದರೂ ಪೊಲೀಸರಿಗೆ ತಿಳಿಸುವ ಹೊಣೆ ತಲೆಯ ಮೇಲಿದೆ. ಸದ್ಯಕ್ಕೆ ಇಂಥ ಮಗು ಪೋಷಕರ ಸಹಿಯಿಲ್ಲದೆ ಕನ್ನಡದಲ್ಲಿ ಮಾತನಾಡಬಹುದಾದ ಒಂದು ಸರ್ಕಾರಿ ಬಾಗಿಲು, ನಿಮ್ಹಾನ್ಸ್ ಮುಂದಾಳತ್ವದಲ್ಲಿ 2022ರ ಅಕ್ಟೋಬರ್‌ನಿಂದ ನಡೆಯುತ್ತಿರುವ ಟೆಲಿ ಮಾನಸ್ ಸಹಾಯವಾಣಿ, 14416. ಹಗಲು ರಾತ್ರಿ ತೆರೆದಿರುತ್ತದೆ, ಕರೆಗೆ ಕಾಸಿಲ್ಲ.