ಒಂದೂರಿಗೆ ಒಂದು ಕಸುಬು: ಮ್ಯಾಸಚೂಸೆಟ್ಸ್‌ನ ನಗರಗಳು

ಮ್ಯಾಸಚೂಸೆಟ್ಸ್ ಎಂದೊಡನೆ ಹೊರಗಿನವರಿಗೆ ನೆನಪಾಗುವುದು ಬಾಸ್ಟನ್. 1630ರಲ್ಲಿ ಪ್ಯೂರಿಟನ್ ವಲಸಿಗರು ಕಟ್ಟಿದ ಊರು, 1773ರ ಟೀ ಪಾರ್ಟಿ, ನದಿಯಾಚೆಯ ಹಾರ್ವರ್ಡ್. ಆದರೆ ಅಮೆರಿಕದ ಈಶಾನ್ಯದ ಈ ಪುಟ್ಟ ರಾಜ್ಯವನ್ನು ದುಡಿದು ಬೆಳೆಸಿದವು ಅದರ ಸಣ್ಣ ನಗರಗಳು. ಒಂದೊಂದೂ ಒಂದೊಂದು ಕಸುಬು ಹಿಡಿದು ಮೇಲೆದ್ದಿತು. ಆ ಕಸುಬು ಕೈಕೊಟ್ಟಾಗ ಊರು ಏನು ಮಾಡಿತು ಎಂಬುದೇ ಇಲ್ಲಿ ನೋಡಬೇಕಾದ ಸಂಗತಿ.

ಮೊದಲು ದುಡ್ಡು ಬಂದದ್ದು ಕಡಲಿನಿಂದ. 1692ರ ಮಾಟಗಾತಿ ವಿಚಾರಣೆಗಳಿಂದ ಕುಖ್ಯಾತವಾದ ಸೇಲಂ, ನೂರು ವರ್ಷಗಳ ನಂತರ ಸುಮಾತ್ರದ ಕರಿಮೆಣಸು ತರಿಸಿ ಸಿರಿವಂತವಾಯಿತು. ಬಾಸ್ಟನ್‌ನ ಫ್ರೆಡರಿಕ್ ಟ್ಯೂಡರ್ ಚಳಿಗಾಲದ ಕೆರೆಗಳ ಮಂಜುಗಡ್ಡೆಯನ್ನು 1833ರಲ್ಲಿ ಹಡಗಿನಲ್ಲಿ ಕಲ್ಕತ್ತಾಕ್ಕೇ ಕಳಿಸಿದ. ಅದೇ ವ್ಯಾಪಾರಕ್ಕಾಗಿ ಮದರಾಸಿನಲ್ಲಿ ಎದ್ದ ಐಸ್ ಹೌಸ್‌ನಲ್ಲಿ 1897ರಲ್ಲಿ ಸ್ವಾಮಿ ವಿವೇಕಾನಂದರು ತಂಗಿದ್ದರು. ನ್ಯೂ ಬೆಡ್‌ಫರ್ಡ್ ತಿಮಿಂಗಿಲದ ಎಣ್ಣೆಯಿಂದ ಬಾಳಿತು. 1859ರಲ್ಲಿ ಪೆನ್ಸಿಲ್ವೇನಿಯದಲ್ಲಿ ಪೆಟ್ರೋಲಿಯಂ ಬಾವಿ ತೋಡಿದ ಮೇಲೆ ಸೀಮೆಎಣ್ಣೆ ಅಗ್ಗವಾಯಿತು, ತಿಮಿಂಗಿಲ ಬೇಟೆ ಇಳಿಯಿತು.

ದೊಡ್ಡ ತಿರುವು ಬಂದದ್ದು ನದಿಯಿಂದ. ಫ್ರಾನ್ಸಿಸ್ ಕ್ಯಾಬಟ್ ಲೋವೆಲ್ ಇಂಗ್ಲೆಂಡಿನ ಮಗ್ಗಗಳನ್ನು ಕಣ್ಣಿನಲ್ಲೇ ಅಳೆದುಕೊಂಡು ಬಂದು, 1814ರ ಹೊತ್ತಿಗೆ ವಾಲ್ಥಮ್‌ನಲ್ಲಿ ಯಂತ್ರಮಗ್ಗ ಓಡಿಸಿದ. ಅವನು ತೀರಿಕೊಂಡ ಮೇಲೆ ಪಾಲುದಾರರು ಮೆರಿಮ್ಯಾಕ್ ನದಿಯ ಜಲಪಾತದ ಬಳಿ ಕಾಲುವೆ ತೋಡಿ ಅವನ ಹೆಸರಿನಲ್ಲೇ ಒಂದು ಊರು ಕಟ್ಟಿದರು. ರೈತರ ಮನೆಯ ಹೆಣ್ಣುಮಕ್ಕಳು ಲೋವೆಲ್‌ನ ಗಿರಣಿಗಳಿಗೆ ದುಡಿಯಲು ಬಂದರು. ಬೆಳಗಿನ ಗಂಟೆ ಹೊಡೆದರೆ ಹನ್ನೆರಡು ತಾಸಿಗೂ ಮೀರಿದ ದುಡಿಮೆ. ಒಣಗಾಳಿಗೆ ನೂಲು ಹರಿಯದಿರಲೆಂದು ಕಿಟಕಿಗಳನ್ನು ಭದ್ರವಾಗಿ ಮುಚ್ಚುತ್ತಿದ್ದರು. ಆ ಸೆಕೆಯಲ್ಲಿ, ಹತ್ತಿಯ ಧೂಳಿನಲ್ಲಿ, ಮಗ್ಗಗಳ ಅಬ್ಬರದಲ್ಲಿ ದಿನವೆಲ್ಲ ನಿಂತೇ ಇರಬೇಕು. ಕೂಲಿ ಕಡಿತದ ವಿರುದ್ಧ 1834ರಲ್ಲಿ, ವಸತಿಗೃಹದ ಖರ್ಚು ಏರಿಸಿದ್ದರ ವಿರುದ್ಧ 1836ರಲ್ಲಿ ಅವರು ಕೆಲಸ ನಿಲ್ಲಿಸಿ ಬೀದಿಗಿಳಿದರು. ಅವರ ಕೈಗೆ ಬರುತ್ತಿದ್ದ ಹತ್ತಿ ದಕ್ಷಿಣದ ಗುಲಾಮರು ಬೆಳೆದದ್ದು ಎಂಬುದನ್ನೂ ಮರೆಯುವಂತಿಲ್ಲ.

ಪಕ್ಕದ ಲಾರೆನ್ಸ್‌ನಲ್ಲಿ ದುಡಿದವರು ಹಲವು ದೇಶಗಳ ವಲಸಿಗರು. 1912ರಲ್ಲಿ ಹೊಸ ಕಾನೂನು ವಾರದ ದುಡಿಮೆಯನ್ನು 56 ತಾಸಿನಿಂದ 54ಕ್ಕೆ ಇಳಿಸಿತು. ಮಾಲೀಕರು ಕೂಲಿಯನ್ನೂ ಇಳಿಸಿದರು. ಸಾವಿರಾರು ಜನ ಹೊರನಡೆದರು, ಮಕ್ಕಳನ್ನು ನ್ಯೂಯಾರ್ಕಿನ ಬೆಂಬಲಿಗರ ಮನೆಗಳಿಗೆ ಕಳಿಸಿ ಹಟ ಹಿಡಿದರು, ಮಾರ್ಚ್‌ನಲ್ಲಿ ಗೆದ್ದರು.

ಲಿನ್ ಚಪ್ಪಲಿ-ಬೂಟಿನ ಊರು. ಮರದ ಅಚ್ಚಿನ ಮೇಲೆ ಚರ್ಮವನ್ನು ಎಳೆದು, ನೆರಿಗೆ ಕೂರಿಸಿ, ಅಟ್ಟೆಗೆ ಬಿಗಿಯುವ ಕೆಲಸ ಕೈಯಿಂದಲ್ಲದೆ ಆಗದೆಂದೇ ಎಲ್ಲರೂ ನಂಬಿದ್ದರು. ನುರಿತ ಕೈಗೆ ದಿನಕ್ಕೆ ಸುಮಾರು 50 ಜೊತೆ. ಸುರಿನಾಮ್‌ನಿಂದ ಬಂದ ಕಪ್ಪುವರ್ಣೀಯ ಕಾರ್ಮಿಕ ಯಾನ್ ಮಾಟ್ಸೆಲಿಗರ್ ವರ್ಷಗಟ್ಟಲೆ ರಾತ್ರಿ ಕೂತು ಅದಕ್ಕೊಂದು ಯಂತ್ರ ರೂಪಿಸಿ 1883ರಲ್ಲಿ ಪೇಟೆಂಟ್ ಪಡೆದ. ಬೂಟಿನ ಬೆಲೆ ಇಳಿಯಿತು. ಅವನು ಮಾತ್ರ 1889ರಲ್ಲಿ, 36ರ ಹರೆಯದಲ್ಲಿ ಕ್ಷಯದಿಂದ ತೀರಿಕೊಂಡ. ಈ ರಾಜ್ಯದ ಚರಿತ್ರೆಯಲ್ಲಿ ಅವನಿಗೆ ಇನ್ನೂ ದೊಡ್ಡ ಜಾಗ ಸಲ್ಲಬೇಕು.

ಪಶ್ಚಿಮದ ಸ್ಪ್ರಿಂಗ್‌ಫೀಲ್ಡ್ ಸರ್ಕಾರಿ ಬಂದೂಕು ಕಾರ್ಖಾನೆಯ ಊರು, 1891ರಲ್ಲಿ ಬ್ಯಾಸ್ಕೆಟ್‌ಬಾಲ್ ಹುಟ್ಟಿದ್ದೂ ಅಲ್ಲೇ. ವುಸ್ಟರ್ ಪಕ್ಕದ ಆಬರ್ನ್‌ನಲ್ಲಿ 1926ರಲ್ಲಿ ರಾಬರ್ಟ್ ಗಾಡರ್ಡ್ ದ್ರವ ಇಂಧನದ ಮೊದಲ ರಾಕೆಟ್ ಹಾರಿಸಿದ.

ಇಪ್ಪತ್ತನೇ ಶತಮಾನದಲ್ಲಿ ಜವಳಿ ಗಿರಣಿಗಳು ಅಗ್ಗದ ಕೂಲಿ ಹುಡುಕಿಕೊಂಡು ದಕ್ಷಿಣಕ್ಕೆ ಹೋದವು. ಬಾಸ್ಟನ್‌ನಿಂದ ನದಿಯಾಚೆ, ಹಾರ್ವರ್ಡ್ ಇರುವ ಕೇಂಬ್ರಿಜ್‌ಗೆ ಎಂಐಟಿ ತಂತ್ರಜ್ಞಾನ ಸಂಸ್ಥೆಯ ಬಲವೂ ಇತ್ತು. 1977ರಲ್ಲಿ ನಗರಸಭೆಯೇ ವಂಶವಾಹಿ ಸಂಶೋಧನೆಗೆ ನಿಯಮ ರೂಪಿಸಿದ್ದರಿಂದ ಕಂಪನಿಗಳಿಗೆ ದಾರಿ ಸ್ಪಷ್ಟವಾಯಿತು. ಹಳೆಯ ಮಿಠಾಯಿ ಕಾರ್ಖಾನೆಯಲ್ಲೂ ಔಷಧ ಪ್ರಯೋಗಾಲಯ ಬಂತು. ಲೋವೆಲ್‌ಗೆ ಅಂಥ ಆಸರೆ ಇರಲಿಲ್ಲ. 1978ರಲ್ಲಿ ಅದರ ಗಿರಣಿ, ಕಾಲುವೆಗಳು ರಾಷ್ಟ್ರೀಯ ಐತಿಹಾಸಿಕ ಉದ್ಯಾನವಾದವು. ಅಲ್ಲಿನ ಬೂಟ್ ಎಂಬ ಹೆಸರಿನ ಹತ್ತಿ ಗಿರಣಿಯಲ್ಲಿ ಪ್ರವಾಸಿಗರಿಗಾಗಿ ಹಳೆಯ ಮಗ್ಗಗಳು ಮತ್ತೆ ಓಡಿದವು. 1980ರ ದಶಕದಲ್ಲಿ ಯುದ್ಧದಿಂದ ನೊಂದ ಕಾಂಬೋಡಿಯದ ನಿರಾಶ್ರಿತರು ಬಂದು ಅಂಗಡಿ, ಹೋಟೆಲು, ಬೌದ್ಧ ಮಂದಿರ ಕಟ್ಟಿಕೊಂಡು ಊರಿಗೆ ಜನಸಂಚಾರ ತಂದರು. ಅವರಲ್ಲೊಬ್ಬರಾದ ಸೋಖರಿ ಚಾವ್ 2022ರಲ್ಲಿ ನಗರದ ಮೇಯರ್ ಆದರು. ಕಾಂಬೋಡಿಯ ಮೂಲದವರೊಬ್ಬರು ಅಮೆರಿಕದ ನಗರವೊಂದರ ಮೇಯರ್ ಆದದ್ದು ಅದೇ ಮೊದಲು.