ಮಂಡಿಗೆ ನೇರ ಗೆರೆ ಎಳೆದವರು

ಮಂಡಿ ಆಪರೇಷನ್‌ಗೆಂದು ಊರಿಂದ ಅಮ್ಮನನ್ನು ಕರೆಸಿಕೊಂಡವರು ನಿಮ್ಮಲ್ಲೂ ಕೆಲವರಿರಬಹುದು. “ರೋಬೋಟ್‌ನಿಂದ ಮಾಡಿಸ್ತೀರಾ?” ಎಂದು ಆಸ್ಪತ್ರೆಯವರೇ ಕೇಳುವ ಕಾಲವಿದು. ಹೂಂ ಅನ್ನುವ ಮೊದಲು ಈ ಯಂತ್ರ ಮಂಡಿಯವರೆಗೆ ಬಂದ ಕಥೆ ಕೇಳಿ.

ಮಂಡಿ ಬದಲಾವಣೆ ಅಂದರೆ ಇಡೀ ಮಂಡಿಯನ್ನೇ ಕಿತ್ತು ಹೊಸದನ್ನು ಇಡುವುದಲ್ಲ. ತೊಡೆಮೂಳೆಯ ಕೆಳತುದಿ, ಮಂಡಿಯ ಕೆಳಗಿನ ಮೂಳೆಯ ಮೇಲ್ತುದಿ, ಎರಡರಿಂದಲೂ ಹೆಚ್ಚುಕಡಿಮೆ ಒಂದು ಸೆಂಟಿಮೀಟರ್ ಗರಗಸದಿಂದ ಕೊಯ್ದು ಲೋಹದ ಹೊದಿಕೆ ಕೂರಿಸುತ್ತಾರೆ. ನಡುವೆ ಪ್ಲಾಸ್ಟಿಕ್ ಬಿಲ್ಲೆ. ಬಡಗಿ ಕೆಲಸವೇ ಅನ್ನಿ! ಕೊಯ್ದ ಕೋನ ಹೇಗೋ ಕಾಲು ನಿಲ್ಲುವುದೂ ಹಾಗೆ.

1890ರಲ್ಲಿ ಬರ್ಲಿನ್ನಿನ ಥೆಮಿಸ್ಟೋಕ್ಲಿಸ್ ಗ್ಲುಕ್ ದಂತದ ಕೀಲು ಕೂರಿಸಿ ನೋಡಿದ್ದ. ಆದರೆ ಇಂದಿನ ಮಂಡಿಯ ನಿಜವಾದ ಹಿರಿಯ ನ್ಯೂಯಾರ್ಕಿನ ಜಾನ್ ಇನ್ಸಾಲ್. 1974ರಲ್ಲಿ ಅವರ ತಂಡದ ಕೃತಕ ಮಂಡಿ ಬಂತು. ಅವರ ಸೂತ್ರ ಸರಳ: ಸೊಂಟದ ಕೀಲಿನ ನಡುವಿನಿಂದ ಪಾದದ ಕೀಲಿನ ನಡುವಿಗೆ ಎಳೆದ ಗೆರೆ ಮಂಡಿಯ ಮಧ್ಯೆಯೇ ಹಾಯಬೇಕು, ಎರಡೂ ಮೂಳೆಗಳನ್ನು ಆ ಗೆರೆಗೆ 90 ಡಿಗ್ರಿಯಲ್ಲಿ ಕೊಯ್ಯಬೇಕು. 3 ಡಿಗ್ರಿ ಆಚೀಚೆಯಾದರೆ ಪರವಾಗಿಲ್ಲ.

ಬಾಲ್ಟಿಮೋರಿನ ಡೇವಿಡ್ ಹಂಗರ್‌ಫೋರ್ಡ್ ಮತ್ತು ಸಂಗಡಿಗರು 1980ರ ದಶಕದಲ್ಲಿ ತಕರಾರು ತೆಗೆದರು. ದೇವರು ಕೊಟ್ಟ ಮಂಡಿಯ ಕೀಲು 90 ಡಿಗ್ರಿಯಲ್ಲಿಲ್ಲ, ಸುಮಾರು 3 ಡಿಗ್ರಿ ಒಳಕ್ಕೆ ವಾಲಿದೆ, ಹಾಗೇ ಕೊಯ್ಯೋಣ ಎಂದರು. ಮಾತು ಸರಿ, ಕೈಗೆ ಎಟುಕಲಿಲ್ಲ. ಆಗ ದಾರಿ ತೋರುತ್ತಿದ್ದುದು ತೊಡೆಮೂಳೆಯ ಪೊಳ್ಳಿಗೆ ತೂರಿಸಿದ ಸರಳು ಮತ್ತು ಡಾಕ್ಟರ ಕಣ್ಣಂದಾಜು. 3 ಡಿಗ್ರಿಗೆ ಗುರಿಯಿಟ್ಟು 6 ಆದರೆ ಕೀಲು ಬೇಗ ಸಡಿಲವಾದೀತೆಂಬ ಭಯ. ಇನ್ಸಾಲ್ ಸೂತ್ರವೇ ಗೆದ್ದಿತು.

ರೋಬೋಟ್ ಮೊದಲು ಬಂದದ್ದು ಸೊಂಟಕ್ಕೆ. ಪಶುವೈದ್ಯ ಹೊವರ್ಡ್ ಪಾಲ್ ಮತ್ತು ಮೂಳೆ ತಜ್ಞ ವಿಲಿಯಂ ಬಾರ್ಗರ್ ಕೂಡಿ ರೂಪಿಸಿದ ರೋಬೋಡಾಕ್ ನಾಯಿಗಳ ಮೇಲೆ ಪಳಗಿ, 1992ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೋದಲ್ಲಿ ಮನುಷ್ಯನ ಮೂಳೆ ಕೊರೆಯಿತು. 1997ರಲ್ಲಿ ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಕಂಪ್ಯೂಟರ್ ಮಂಡಿಯ ಕೋನ ತೋರಿಸಿತು, ಕೊಯ್ದದ್ದು ಮಾತ್ರ ಕೈಯೇ. ಲಂಡನ್ನಿನ ಅಕ್ರೋಬಾಟ್ ಯಂತ್ರದ ಪರೀಕ್ಷೆ 2006ರಲ್ಲಿ ಪ್ರಕಟವಾಯಿತು: ಅರ್ಧ ಮಂಡಿ ಬದಲಾವಣೆಯಲ್ಲಿ ಯಂತ್ರದ ನೆರವು ಪಡೆದವೆಲ್ಲ ಗುರಿಯಿಂದ 2 ಡಿಗ್ರಿಯೊಳಗೆ, ಬರಿಗೈಯವು ಶೇಕಡ 40 ಮಾತ್ರ. ಪರೀಕ್ಷೆ ಚಿಕ್ಕದು, ಒಟ್ಟು 28 ಮಂಡಿ. ಪೂರ್ತಿ ಮಂಡಿಗೆ ಮಾಕೋ ಯಂತ್ರಕ್ಕೆ ಅಮೆರಿಕದಲ್ಲಿ 2015ರಲ್ಲಿ ಒಪ್ಪಿಗೆ ಸಿಕ್ಕಿತು. ಇಲ್ಲಿ ಗರಗಸ ಹಿಡಿಯುವುದು ಡಾಕ್ಟರೇ. ಸಿಟಿ ಸ್ಕ್ಯಾನ್ ನೋಡಿ ಹಾಕಿದ ಗಡಿ ದಾಟಲು ಯಂತ್ರ ಬಿಡುವುದಿಲ್ಲ.

ಇಷ್ಟು ಕರಾರುವಾಕ್ಕಾದ ಮೇಲೆ ಹಳೆಯ ತಕರಾರು ಮತ್ತೆ ಎದ್ದಿತು. 2010ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ 398 ಮಂಡಿಗಳ 15 ವರ್ಷದ ಲೆಕ್ಕ ತೆಗೆದಾಗ, ಆ 3 ಡಿಗ್ರಿಯೊಳಗಿದ್ದವು ಉಳಿದವಕ್ಕಿಂತ ಹೆಚ್ಚು ಬಾಳಿರಲಿಲ್ಲ! 2012ರಲ್ಲಿ ಬೆಲ್ಜಿಯಂನ ಯೋಹಾನ್ ಬೆಲ್ಲೆಮಾನ್ಸ್ ತಂಡ 250 ಆರೋಗ್ಯವಂತರ ಕಾಲು ಅಳೆಯಿತು. ಗಂಡಸರಲ್ಲಿ ಶೇಕಡ 32, ಹೆಂಗಸರಲ್ಲಿ ಶೇಕಡ 17 ಮಂದಿಗೆ ಹುಟ್ಟುಗುಣದಲ್ಲೇ 3 ಡಿಗ್ರಿ ಅಥವಾ ಹೆಚ್ಚಿನ ಬಿಲ್ಲುಗಾಲು. ಅಂಥವರ ಕಾಲನ್ನು ಗೆರೆ ಎಳೆದಂತೆ ನೇರ ಮಾಡಿದರೆ ಅದು ಅವರ ಕಾಲೇ ಅಲ್ಲ. ಯಂತ್ರಕ್ಕೆ ಇದೆಲ್ಲ ಗೊತ್ತಿಲ್ಲ, ಹೇಳಿದ ಕೋನಕ್ಕೆ ಕೊಯ್ಯುವುದಷ್ಟೇ ಗೊತ್ತು.

ಹಾಗಾಗಿ ರೋಬೋಟ್ ಬೇಕೋ ಬೇಡವೋ ಅನ್ನುವುದಕ್ಕಿಂತ ಮುಂಚೆ ಡಾಕ್ಟರನ್ನು ಕೇಳಿ: ಅಮ್ಮನ ಕಾಲನ್ನು ಪೂರ್ತಿ ನೇರ ಮಾಡುತ್ತೀರೋ, ಮೊದಲಿದ್ದ ಓರೆಯನ್ನು ಸ್ವಲ್ಪ ಉಳಿಸುತ್ತೀರೋ? ನಿಂತು ತೆಗೆಸಿದ, ಸೊಂಟದಿಂದ ಪಾದದವರೆಗಿನ ಉದ್ದ ಎಕ್ಸ್‌ರೇ ಜೊತೆಗಿರಲಿ. ಹಳೆಯ ಫೋಟೋ ಹುಡುಕಬೇಡಿ, ಸೀರೆಯಲ್ಲಿ ಬಿಲ್ಲುಗಾಲು ಕಾಣುವುದಿಲ್ಲ.