ಐದನೆಯ ಮೆಟ್ಟಿಲು

ಸ್ಮಾರ್ಟ್‌ಫೋನನ್ನು ತೆರೆದೊಡನೆ ಕಣ್ಣಿಗೆ ಬೀಳುವ ಮೊದಲ ಪರದೆಯನ್ನು 'ಹೋಮ್ ಸ್ಕ್ರೀನ್' ಎನ್ನುತ್ತೇವೆ. ಅದು ಮನೆಯೇ ಆದರೆ ಅದರ ಯಜಮಾನರು ಯಾರು? ಯಾವ ವಸ್ತು ಎಲ್ಲಿರಬೇಕು, ಮುಟ್ಟಿದಾಗ ಏನು ಮಾಡಬೇಕು ಎಂಬುದನ್ನು ನಿರ್ಧರಿಸುವವರು ಬಳಸುವವರೋ, ತಯಾರಿಸಿದವರೋ? ಈ ಪ್ರಶ್ನೆ ಸ್ಮಾರ್ಟ್‌ಫೋನಿಗಿಂತ ಹಳೆಯದು.

1987ರ ಆಗಸ್ಟ್ ತಿಂಗಳಿನಲ್ಲಿ ಆಪಲ್ ಸಂಸ್ಥೆಯು 'ಹೈಪರ್‌ಕಾರ್ಡ್' ಎಂಬ ತಂತ್ರಾಂಶವನ್ನು ಬಿಡುಗಡೆ ಮಾಡಿತು. ಬಿಲ್ ಅಟ್ಕಿನ್ಸನ್ ರೂಪಿಸಿದ ಇದನ್ನು ಹೊಸ ಮ್ಯಾಕಿಂಟಾಷ್ ಗಣಕಗಳೊಂದಿಗೆ ಉಚಿತವಾಗಿ ಕೊಡಲಾಗುತ್ತಿತ್ತು. ಅದನ್ನು ತೆರೆದಾಗ ಮೊದಲು ಕಾಣುತ್ತಿದ್ದ ಕಾರ್ಡಿನ ಹೆಸರೂ 'ಹೋಮ್' ಎಂದೇ. ಬಳಸುವವರಿಗೆ ಅದರಲ್ಲಿ ಐದು ಮೆಟ್ಟಿಲುಗಳಿದ್ದವು: ನೋಡುವುದು, ಅಕ್ಷರ ತುಂಬುವುದು, ಚಿತ್ರ ಬಿಡಿಸುವುದು, ಕಾರ್ಡುಗಳನ್ನು ರಚಿಸುವುದು, ಕೊನೆಯದಾಗಿ ಸ್ಕ್ರಿಪ್ಟ್ ಬರೆಯುವುದು. ಸ್ಕ್ರಿಪ್ಟ್ ಎಂದರೆ ಇಲ್ಲಿ ಲಿಪಿಯಲ್ಲ, ಯಂತ್ರವು ಸಾಲುಸಾಲಾಗಿ ಪಾಲಿಸುವ ಆದೇಶಗಳ ಕಿರುಬರಹ. ಡ್ಯಾನ್ ವಿಂಕ್ಲರ್ ರಚಿಸಿದ 'ಹೈಪರ್‌ಟಾಕ್' ಭಾಷೆ ಸರಳ ಇಂಗ್ಲಿಷಿನಂತಿದ್ದುದರಿಂದ, ಗಣಕಶಾಸ್ತ್ರ ಓದದ ಶಿಕ್ಷಕರೂ ಮಕ್ಕಳೂ ಐದನೆಯ ಮೆಟ್ಟಿಲನ್ನು ಏರಿದರು. ಓದುಗನೇ ಬರಹಗಾರನಾಗುವ ದಾರಿ ಮನೆಯ ಹೊಸಿಲಿನಿಂದಲೇ ಆರಂಭವಾಗುತ್ತಿತ್ತು.

ಇಪ್ಪತ್ತು ವರ್ಷಗಳ ಬಳಿಕ, 2007ರಲ್ಲಿ, ಅದೇ ಸಂಸ್ಥೆಯ ಐಫೋನ್ ಬಂದಿತು. ಅದರ ಮುಖಪುಟದಲ್ಲಿ ಚಿಹ್ನೆಗಳು ಪ್ರಾರ್ಥನೆಗೆ ನಿಂತ ಮಕ್ಕಳಂತೆ ಸಾಲುಗಟ್ಟಿ ನಿಂತಿದ್ದವು. ನೋಡಲು ಸೊಗಸು, ಆದರೆ ಸಾಲು ಬಿಟ್ಟು ಕದಲುವಂತಿರಲಿಲ್ಲ. ನಡುವೆ ಜಾಗ ಬಿಟ್ಟು ಬೇಕಾದೆಡೆ ಚಿಹ್ನೆಯನ್ನಿರಿಸುವ ಸ್ವಾತಂತ್ರ್ಯ ದೊರೆತದ್ದು 2024ರಲ್ಲಿ.

2008ರಲ್ಲಿ ಮೊದಲ ಫೋನಿನೊಂದಿಗೆ ಬಂದ ಆಂಡ್ರಾಯ್ಡ್ ಬೇರೆ ಹಾದಿ ಹಿಡಿಯಿತು. ಅಲ್ಲಿ ಹೋಮ್ ಸ್ಕ್ರೀನ್ ಕೂಡ ಒಂದು ಸಾಧಾರಣ ಆ್ಯಪ್. ಅದಕ್ಕೆ 'ಲಾಂಚರ್' ಎಂದು ಹೆಸರು. ಹೋಮ್ ಗುಂಡಿಯ ಕರೆಗೆ ಓಗೊಡಬಲ್ಲ ಮತ್ತೊಂದು ಆ್ಯಪನ್ನು ಸ್ಥಾಪಿಸಿದರೆ, ಯಾವುದು ಬೇಕೆಂದು ಫೋನೇ ಕೇಳುತ್ತಿತ್ತು. ತೆರೆದ ಈ ಬಾಗಿಲಿನಿಂದ ಬಂದ ಹಲವು ಲಾಂಚರ್‌ಗಳಲ್ಲಿ ಪಿಯರ್ ಹೆಬರ್ ಅವರ 'ಲೈಟ್ನಿಂಗ್ ಲಾಂಚರ್' ಐದನೆಯ ಮೆಟ್ಟಿಲನ್ನು ಮತ್ತೆ ಕಟ್ಟಿತು. ಪರದೆಯ ಪ್ರತಿಯೊಂದು ವಸ್ತುವಿಗೂ ಜಾವಾಸ್ಕ್ರಿಪ್ಟ್ ಭಾಷೆಯ ಆದೇಶಗಳನ್ನು ಅಂಟಿಸಬಹುದಿತ್ತು. ತಟ್ಟಿದಾಗ ಒಂದು ಕೆಲಸ, ಬೆರಳಿನಿಂದ ಸವರಿದಾಗ ಇನ್ನೊಂದು, ಪರದೆ ಮರಳಿ ಕಂಡಾಗ ಮತ್ತೊಂದು. ಬೆಳಿಗ್ಗೆ ಕಚೇರಿಯ ಚಿಹ್ನೆಗಳನ್ನು ತೋರಿಸಿ ಸಂಜೆ ಅವನ್ನು ಮರೆಮಾಡಬಹುದು. ದೃಷ್ಟಿ ಮಂದವಾದ ಹಿರಿಯರಿಗೆ ಮಗಳ ಭಾವಚಿತ್ರವೊಂದನ್ನೇ ಪರದೆಯ ತುಂಬ ಇರಿಸಿ, ಅದನ್ನು ಮುಟ್ಟಿದರೆ ಅವಳಿಗೆ ಕರೆ ಹೋಗುವಂತೆ ಮಾಡಬಹುದು. ಬ್ರೆಂಡನ್ ಐಕ್ 1995ರಲ್ಲಿ ಕೇವಲ ಹತ್ತು ದಿನಗಳಲ್ಲಿ, ಜಾಲಪುಟಗಳಿಗೆಂದು ಮೊದಲ ರೂಪ ಕೊಟ್ಟ ಭಾಷೆ ಹೀಗೆ ಅಂಗೈಯ ಮನೆಗೂ ಬಂದಿತು.

ಎರಡರ ಮುಂದಿನ ಕಥೆಯನ್ನೂ ಹೇಳಬೇಕು. 2004ರಲ್ಲಿ ಆಪಲ್ ಹೈಪರ್‌ಕಾರ್ಡ್ ಮಾರಾಟವನ್ನು ನಿಲ್ಲಿಸಿತು. ಅದರ ಮೂಲಸಂಕೇತವನ್ನು ಹೊರಗಿನವರಿಗೆ ಬಿಟ್ಟುಕೊಡಲಿಲ್ಲ. ಹೊಸ ಗಣಕಗಳಲ್ಲಿ ಅದು ನಡೆಯದಾದಾಗ ಜನಸಾಮಾನ್ಯರು ಅಕ್ಕರೆಯಿಂದ ಬರೆದಿದ್ದ ಅಸಂಖ್ಯ ಸ್ಕ್ರಿಪ್ಟ್‌ಗಳು ಮೂಕವಾದವು. ಹಳೆಯ ಗಣಕದ ಸೋಗು ಹಾಕುವ ತಂತ್ರಾಂಶಗಳಲ್ಲಿ ಮಾತ್ರ ಅವು ಈಗ ಬಾಯಿ ತೆರೆಯುತ್ತವೆ. ಲೈಟ್ನಿಂಗ್ ಲಾಂಚರ್‌ನ ಕರ್ತೃವಾದರೋ ತಮ್ಮ ಮೂಲಸಂಕೇತವನ್ನು ಎಲ್ಲರಿಗೂ ತೆರೆದಿಟ್ಟರು. ಬಲ್ಲವರು ಯಾರೇ ಆದರೂ ಅದನ್ನು ರಿಪೇರಿ ಮಾಡಿ ಮುಂದುವರಿಸಬಹುದು.

ಮನೆ ನಮ್ಮದೆನ್ನಲು ಗೋಡೆಯ ಬಣ್ಣವನ್ನು ನಾವು ಆರಿಸಿದರಷ್ಟೇ ಸಾಲದು. ಕಟ್ಟಿದ ಮೇಸ್ತ್ರಿ ಊರು ಬಿಟ್ಟ ಮೇಲೂ ಸೂರನ್ನು ನಾವೇ ದುರಸ್ತಿ ಮಾಡಿಕೊಳ್ಳುವಂತಿರಬೇಕು. ಮಕ್ಕಳ ಕೈಗೆ ಫೋನ್ ಕೊಟ್ಟಿದ್ದೇವೆ. ಆದರೆ ಬಹುಪಾಲು ಮಕ್ಕಳು ನೋಡುವ ಮೊದಲ ಮೆಟ್ಟಿಲಿನಲ್ಲಿಯೇ ಕುಳಿತಿದ್ದಾರೆ. ಮೇಲೆ ಇನ್ನೂ ನಾಲ್ಕಿವೆ ಎಂದು ಅವರಿಗೆ ತೋರಿಸುವ ಹೊಣೆ ನಮ್ಮಂಥ ಹಿರಿಯರದು.